ಹಚ್ಚಬೇಡಿ

ಆ ಆ್ಯಪ್ ಹುಟ್ಟಿದ್ದು ಶಾಂಭವಿಯ ಎಡಗೈ ಮೇಲೆ. ಸೋಪು, ಕ್ರೀಮು, ಪೌಡರುಗಳಲ್ಲಿ ಬೀಳುವ ಒಂದೊಂದೇ ವಸ್ತುವನ್ನು ಮೂರು ವರ್ಷ ಮೊಣಕೈ ಕೆಳಗೆ ಹಚ್ಚಿಕೊಂಡು, ಎದ್ದ ಗುಳ್ಳೆಗಳ ಫೋಟೊ ತೆಗೆದು, ತುರಿಕೆ ಎಷ್ಟು ಹೊತ್ತು ಇತ್ತೆಂದು ಬರೆದಿಟ್ಟವಳು ಅವಳು. ಹಚ್ಚಿಕೊಳ್ಳಲು ಹೇಳಿದವನು ಭಾನುಪ್ರಕಾಶ್. "ನಿನ್ನ ಸ್ಕಿನ್ನೇ ನಮ್ಮ ಆಸ್ತಿ ಕಣೇ, ಇಬ್ಬರೂ ಪಾರ್ಟ್‌ನರ್ಸ್," ಎಂದು ಕುಂದಲಹಳ್ಳಿಯ ಬೇಕರಿ ಮುಂದೆ ಟೀ ಕುಡಿಯುತ್ತ ಮಾತು ಕೊಟ್ಟಿದ್ದ. ಅವಳು ನಂಬಿದಳು. ಕಾಗದಪತ್ರ ಕೇಳಲಿಲ್ಲ.

ಡಬ್ಬಿಯ ಮೇಲಿನ ವಸ್ತುಗಳ ಪಟ್ಟಿಯನ್ನು ಫೋನಿಗೆ ತೋರಿಸಿದರೆ ಸಾಕು. ಸೂಕ್ಷ್ಮ ಚರ್ಮಕ್ಕೆ ಒಗ್ಗುವಂಥದ್ದಾದರೆ ಪರದೆ ಹಸಿರಾಗುತ್ತದೆ, ಒಗ್ಗದಿದ್ದರೆ ಕೆಂಪಾಗುತ್ತದೆ. ಕೆಂಪಿನಲ್ಲಿ 'ಹಚ್ಚಬೇಡಿ' ಎಂಬ ಒಂದೇ ಮಾತು. ಅದನ್ನು ಆರಿಸಿದ್ದೂ ಶಾಂಭವಿಯೇ.

2014ರ ಸೆಪ್ಟೆಂಬರಿನಲ್ಲಿ ಅವಳಿಗೆ ಎರಡು ಸಂಗತಿ ತಿಳಿದವು. ಅತ್ತಿಬೆಲೆಯಲ್ಲಿ ಕ್ರೀಮ್ ಫ್ಯಾಕ್ಟರಿ ಇಟ್ಟಿದ್ದ ಚನ್ನವೀರಪ್ಪನವರಿಗೆ ಭಾನುಪ್ರಕಾಶ್ ಆ್ಯಪನ್ನು ಮಾರುವವನಿದ್ದ. ಮಾರಾಟದ ಪತ್ರದಲ್ಲಿ ಅವಳ ಹೆಸರೇ ಇರಲಿಲ್ಲ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಎರಡನೆಯದು. ಚನ್ನವೀರಪ್ಪನವರ ಕ್ರೀಮಿನಲ್ಲಿದ್ದ ಒಂದು ಸುಗಂಧದ್ರವ್ಯ ಅವಳ ಕೈಯನ್ನು ಹನ್ನೊಂದು ದಿನ ಕಾಡಿತ್ತು, ಆ್ಯಪಿನ ಪಟ್ಟಿಯಲ್ಲಿ ಕೆಂಪಾಗಿತ್ತು. ಭಾನುಪ್ರಕಾಶ್ ಅದನ್ನು ಸದ್ದಿಲ್ಲದೆ ಹಸಿರು ಮಾಡಿದ್ದ. ಕೇಳಿದ್ದಕ್ಕೆ, "ಒಬ್ಬಳ ಕೈ ನೋಡ್ಕೊಂಡು ಬಿಸಿನೆಸ್ ಮಾಡಕ್ಕಾಗುತ್ತಾ, ಶಾಂಭವಿ?" ಎಂದು ನಕ್ಕ.

ಯಾರಿಗೋಸ್ಕರ ಮೂರು ವರ್ಷ ಕೈ ಕೆರೆದುಕೊಂಡೆ ಎಂದು ಮಾರತ್ತಹಳ್ಳಿಯ ಪಿ.ಜಿ. ರೂಮಿನಲ್ಲಿ ಅವಳು ಮನಸಾರೆ ಅತ್ತಳು. ಅತ್ತು ಮುಗಿಸಿ, ಮುಖ ತೊಳೆದುಕೊಂಡು, ಯೋಚನೆಗೆ ಕೂತಳು.

ಮಾರಾಟಕ್ಕೆ ಆಯುಧಪೂಜೆಯ ದಿನವನ್ನೇ ಗೊತ್ತು ಮಾಡಿದ್ದರು. ಬೆಳಗ್ಗೆ ಕಂಪ್ಯೂಟರುಗಳಿಗೆ ಪೂಜೆ, ಆಮೇಲೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಊಟ, ಮೂರು ಗಂಟೆಗೆ ಚನ್ನವೀರಪ್ಪನವರು ತಮ್ಮ ಕ್ರೀಮಿನ ಡಬ್ಬಿಯನ್ನೇ ಆ್ಯಪಿಗೆ ತೋರಿಸಿ ಸಹಿ ಹಾಕುವುದು. ಆಗ ಪರದೆ ಕೆಂಪಾದರೆ ಸಹಿ ಬೀಳುವುದಿಲ್ಲ. ಬದಲಾವಣೆ ಭಾನುಪ್ರಕಾಶನ ಕಂಪ್ಯೂಟರಿನಿಂದ, ಅವನದೇ ಪಾಸ್‌ವರ್ಡಿನಿಂದ ಆಗಬೇಕು ಎಂಬುದು ಅವಳ ಲೆಕ್ಕ. ಆ ಪಾಸ್‌ವರ್ಡನ್ನು ಹಿಂದೆ ಅವಳೇ ಇಟ್ಟುಕೊಟ್ಟಿದ್ದಳು. ಬದಲಿಸುವ ಗೋಜಿಗೆ ಅವನು ಹೋಗಿರಲಿಲ್ಲ.

ತನ್ನ ಮೇಲೆ ಅನುಮಾನ ಬಾರದಂತೆ ಕುಂಕುಮವೇ ಕಾಯುತ್ತದೆ ಎಂದುಕೊಂಡಳು. ಕುಂಕುಮ ಸೋಕಿದರೆ ಹತ್ತೇ ನಿಮಿಷದಲ್ಲಿ ಅವಳ ಚರ್ಮ ಉರಿದು ದದ್ದು ಏಳುವುದು ಇಡೀ ಆಫೀಸಿಗೆ ಗೊತ್ತಿತ್ತು. ಅದಕ್ಕೇ ಅವಳು ಯಾವ ವರ್ಷವೂ ಪೂಜೆಗೆ ಬರುತ್ತಿರಲಿಲ್ಲ. ಆಫೀಸು ಗುಡಿಸಿ ಒರೆಸುವ, ಪೂಜೆಯನ್ನೂ ಮುಂದೆ ನಿಂತು ಮಾಡಿಸುವ ಕುಂದಲಹಳ್ಳಿಯ ಮಾರಕ್ಕನಿಗೆ ಇದೊಂದು ಕೊರಗು. "ನೀವೊಬ್ರೇ ಇಲ್ದಿದ್ರೆ ಎಂಗಮ್ಮ? ಏನಾದ್ರೂ ದಾರಿ ನೋಡ್ತೀನಿ ಇರಿ," ಎಂದು ಹಿಂದಿನ ದಿನವೂ ಅಂದಿದ್ದಳು. ತನ್ನದೇ ಗುಂಗಿನಲ್ಲಿದ್ದ ಶಾಂಭವಿ ಸುಮ್ಮನೆ ತಲೆಯಾಡಿಸಿದ್ದಳು.

ಎಲ್ಲ ಅಂದುಕೊಂಡಂತೆಯೇ ನಡೆಯಿತು. ಹನ್ನೆರಡೂ ಮುಕ್ಕಾಲಿಗೆ ಕೆಳಗೆ ಎಲೆ ಹಾಕಿದ್ದರು. ಮೇಲೆ ನರಪಿಳ್ಳೆಯೂ ಇರಲಿಲ್ಲ. ಚರ್ಮದ ಡಾಕ್ಟರು ಕೊಟ್ಟಿದ್ದ ಹತ್ತಿಯ ಗ್ಲೌಸ್ ತೊಟ್ಟು ಅವಳು ಹಿಂದಿನ ಮೆಟ್ಟಿಲು ಹತ್ತಿದಳು. ಮಾರಕ್ಕ ಕೈ ಬಿಚ್ಚಿ ಪೂಜೆ ಮಾಡಿದ್ದಳು: ಕೀಬೋರ್ಡು, ಮೌಸು, ಸ್ವಿಚ್ಚು, ಎಲ್ಲೆಲ್ಲೂ ಕುಂಕುಮ. ಶಾಂಭವಿ ಚೆಂಡುಹೂವು ಸರಿಸಿ ಭಾನುಪ್ರಕಾಶನ ಕಂಪ್ಯೂಟರಿನ ಮುಂದೆ ಕೂತಳು. ಸೆಖೆಗೆ ಬೆವರು ಇಳಿಯುತ್ತಿತ್ತು. ಕಣ್ಣಿಗೆ ಬೀಳುತ್ತಿದ್ದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, ಆ ಹಸಿರು ಸಾಲನ್ನು ಹುಡುಕಿ ಮತ್ತೆ ಕೆಂಪು ಮಾಡಿದಳು. ಸತ್ಯವನ್ನು ವಾಪಸು ಇಡುವುದಕ್ಕೂ ಕಳ್ಳಿಯ ಹಾಗೆ ಬರಬೇಕಾಯಿತಲ್ಲ ಎಂದು ಸಂಕಟವಾಯಿತು. ಏಳು ನಿಮಿಷದಲ್ಲಿ ಹೂವನ್ನು ಇದ್ದಲ್ಲೇ ಇಟ್ಟು ಇಳಿದು ಹೋದಳು.

ಗ್ಲೌಸನ್ನು ಬಸ್ ಸ್ಟಾಪಿನ ಕಸದ ರಾಶಿಗೆ ಎಸೆದು, ಬೇಕರಿಯ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಏನೂ ಇರಲಿಲ್ಲ. ಆದರೂ ಕನ್ನಡಿಗಿಂತ ಅವಳು ನಂಬಿದ್ದು ಚರ್ಮವನ್ನು. ಎಲ್ಲಾದರೂ ಒಂದು ಚೂರು ಸೋಕಿದ್ದರೆ ಉರಿಯೇ ಹೇಳುತ್ತದೆ. ಒಂದು ಟೀ ಕುಡಿದು ಅರ್ಧ ಗಂಟೆ ಕಾದಳು. ಎಲ್ಲೂ ಉರಿಯಲಿಲ್ಲ. ಯಾರು ಕೈಕೊಟ್ಟರೂ ಚರ್ಮ ತನಗೆ ಕೈಕೊಡುವುದಿಲ್ಲ ಎಂದು ಸಮಾಧಾನಪಟ್ಟುಕೊಂಡಳು.

ಮೂರು ಗಂಟೆಗೆ, ಆಗಷ್ಟೇ ಆಫೀಸಿಗೆ ಬಂದವಳಂತೆ ಕೂತಿದ್ದ ಶಾಂಭವಿಯ ಎದುರಿಗೇ, ಪರದೆ ಕೆಂಪಾಯಿತು. 'ಹಚ್ಚಬೇಡಿ.'

"ನನ್ನ ಮಾಲನ್ನೇ ಬೇಡ ಅನ್ನೋ ಆ್ಯಪನ್ನ ನಾನೇ ತಗೋಬೇಕೇನ್ರೀ?" ಎಂದು ಚನ್ನವೀರಪ್ಪನವರು ಪೆನ್ನಿನ ಮುಚ್ಚಳ ಹಾಕಿದರು.

ಪೂಜೆಗಿಟ್ಟದ್ದು ಎಂಬುದನ್ನೂ ಮರೆತು ಭಾನುಪ್ರಕಾಶ್ ಕಂಪ್ಯೂಟರ್ ತೆರೆದ. "ಹನ್ನೆರಡೂ ಐವತ್ತಕ್ಕೆ ಬದಲಾಗಿದೆ. ನಾನು ಊಟಕ್ಕೆ ಕೂತಿದ್ದೆ ಸಾರ್!" ಎಂದವನು ಶಾಂಭವಿಯತ್ತ ತಿರುಗಿದ. "ನೀನೇ ತಾನೇ?"

ಅವಳು ಎರಡೂ ಕೈ ಮುಂದೆ ಚಾಚಿದಳು. "ಮೈಯೆಲ್ಲ ಕುಂಕುಮ ಇರೋ ಕಂಪ್ಯೂಟರ್ ಕಣೋ ಅದು. ನಾನು ಮುಟ್ಟಿದ್ರೆ ಈ ಕೈ ಹೀಗಿರ್ತಿತ್ತಾ? ಪಿ.ಜಿ.ಯಿಂದ ಈಗಷ್ಟೇ ಬರ್ತಿದೀನಿ."

ಒಂದು ದದ್ದೂ ಇರಲಿಲ್ಲ. ಭಾನುಪ್ರಕಾಶ್ ತಲೆ ತಗ್ಗಿಸಿದ. ಚನ್ನವೀರಪ್ಪನವರು ಎದ್ದು ನಿಂತರು. ಶಾಂಭವಿ ಕುರ್ಚಿಗೆ ಒರಗಿ ಕೂತಳು.

ಅಷ್ಟರಲ್ಲಿ ಕಡಲೆಪುರಿಯ ತಟ್ಟೆ ಹಿಡಿದು ಬಂದ ಮಾರಕ್ಕ ಅವಳ ಕುರ್ಚಿಯ ಹಿಂದೆಯೇ ನಿಂತುಬಿಟ್ಟಳು. ಮುಖ ಊರಗಲ ಆಯಿತು. "ಅಯ್ಯೋ ನಮ್ಮವ್ವ, ಕುಂಕ್ಮ ಇಟ್ಕಂಡೇಬಿಟ್ರಾ! ಕಿವಿ ಇಂದ್ಗಡೆ ಎಷ್ಟು ಕೆಂಪಗದೆ ನೋಡಿ! ಉರೀಲಿಲ್ಲ ಅಲ್ವಾ? ಅಂಗಡೀದು ನಿಮ್ಗಾಗಲ್ಲ ಅಂತ ಈ ಸಲ ನಾನೇ ಮನೇಲಿ ಅರಿಸ್ನಕ್ಕೆ ಸುಣ್ಣ, ನಿಂಬೆರಸ ಆಕಿ ಮಾಡಿದ್ದು ಕಣಮ್ಮ. ಇದ್ದಿದ್ದೊಂದು ಬಟ್ಲು, ಎಲ್ಲಾನೂ ಕಂಪೂಟ್ರುಗಳಿಗೇ ಬಳಿದ್ಬಿಟ್ಟೆ. ನಿಮಗೇ ಉಳೀಲಿಲ್ವಲ್ಲ ಅಂತ ಆಗಿಂದ ಬೇಜಾರಾಗ್ತಿತ್ತು." ಶಾಂಭವಿಯ ಬೆರಳು ತಾನಾಗಿ ಕಿವಿಯ ಹಿಂದಕ್ಕೆ ಹೋಯಿತು, ಕೆಂಪಾಗಿ ಮರಳಿತು. ಭಾನುಪ್ರಕಾಶ್ ಒಮ್ಮೆ ಆ ಬೆರಳನ್ನು, ಒಮ್ಮೆ ತನ್ನ ಕೀಬೋರ್ಡನ್ನು ನೋಡಿದ. ಅವಳಿಗೆ ಆಗಲೂ ಎಲ್ಲೂ ಉರಿಯುತ್ತಿರಲಿಲ್ಲ.