ನೂರಾ ನಾಲ್ಕನೇ ಬಾಗಿಲು

ಮೊದಲ ಸಲ ಬಂದಾಗ ಅವನು ಫಾರಂ ತಪ್ಪಾಗಿ ತುಂಬಿಕೊಂಡು ಬಂದಿದ್ದ.

"ಟಿಸಿಪಿ, ಯುಡಿಪಿ ಎರಡಕ್ಕೂ ಟಿಕ್ ಹಾಕಿದ್ದೀರಲ್ಲ?"

"ಯಾವುದಾದ್ರೂ ಒಂದು ಸರಿ ಇರುತ್ತಲ್ಲ ಅಂತ, ಮೇಡಂ."

ಅವಳಿಗೆ ನಗು ಬಂತು. ಆಸ್ಪತ್ರೆಯ ನೆಲಮಾಳಿಗೆಯ ಆ ನೆಟ್‌ವರ್ಕ್ ಕೋಣೆಯಲ್ಲಿ ಯಾರಾದರೂ ನಕ್ಕು ಎಷ್ಟು ಕಾಲವಾಗಿತ್ತೋ. ವರ್ಷವಿಡೀ ಸ್ವೆಟರ್ ಬೇಕಾಗುವಷ್ಟು ಎಸಿ, ಗುಂಯ್‌ಗುಡುವ ಸರ್ವರ್‌ಗಳು, ಎರಡು ಕುರ್ಚಿ. ಒಂದರಲ್ಲಿ ಅವಳು, ಇನ್ನೊಂದರಲ್ಲಿ ಕೇಬಲ್ ತುಂಬಿದ ಡಬ್ಬ. ಅವನು ಪಾಪ ನಿಂತೇ ಇದ್ದ.

ಮೂರನೇ ಮಹಡಿಯ ಸ್ಕ್ಯಾನ್ ವಿಭಾಗದವನು. ಅವನ ಮಷೀನು ತೆಗೆದ ಚಿತ್ರಗಳು ಡಾಕ್ಟರುಗಳ ಸರ್ವರ್‌ಗೆ ಹೋಗಬೇಕಿತ್ತು. ಅದಕ್ಕೆ ಇವಳ ಅನುಮತಿ ಬೇಕಿತ್ತು.

"ಸರ್ವರ್ ಅಂದ್ರೆ ಅರವತ್ತೈದು ಸಾವಿರ ಚಿಲ್ಲರೆ ಬಾಗಿಲಿರೋ ಕಟ್ಟಡ ಅಂದ್ಕೊಳ್ಳಿ," ಎಂದಳು. "ಆ ಬಾಗಿಲಿಗೇ ಪೋರ್ಟ್ ಅನ್ನೋದು. ಒಂದೊಂದು ಕೆಲಸಕ್ಕೆ ಒಂದೊಂದು ನಂಬರು. ವೆಬ್‌ಸೈಟಿಗೆ ನಾನೂರ ನಲವತ್ತಮೂರು, ನಿಮ್ಮ ಚಿತ್ರಗಳಿಗೆ ನೂರಾ ನಾಲ್ಕು. ಬೇಡದ್ದನ್ನೆಲ್ಲ ಮುಚ್ಚಿಡೋದು ನನ್ನ ಕೆಲಸ."

"ಮತ್ತೆ ಈ ಟಿಸಿಪಿ?"

"ಅದು ಮರ್ಯಾದಸ್ಥರ ರೀತಿ. ಮಾತಾಡಬಹುದಾ ಅಂತ ಮೊದಲು ಕೇಳುತ್ತೆ. ಆ ಕಡೆಯವರು ಹೂಂ ಅಂದಮೇಲೇ ಶುರು. ತಲುಪ್ತು ಅಂತ ಉತ್ತರ ಬರದಿದ್ರೆ ಮತ್ತೆ ಕಳಿಸುತ್ತೆ. ಯುಡಿಪಿಗೆ ಆ ಗೊಡವೆ ಇಲ್ಲ. ಕಳಿಸಿ ತನ್ನ ಪಾಡಿಗೆ ಹೋಗ್ತಾ ಇರುತ್ತೆ. ಸಿಕ್ಕಿದರೆ ಸಿಕ್ಕಿತು."

"ಅದೂ ಒಂದು ಬಾಳಾ ಮೇಡಂ?" ಎಂದ ಅವನು, ನಿಜವಾಗಿಯೂ ನೊಂದುಕೊಂಡವನಂತೆ; ಆಮೇಲೆ ತಾನೇ ನಕ್ಕ. ನಗುವಾಗ ಅವನ ಕಿವಿ ಕೆಂಪಾಗುವುದನ್ನು ಅವಳು ಅವತ್ತೇ ಗಮನಿಸಿದ್ದಳು.

ಅನುಮತಿ ಒಂದು ತಿಂಗಳಿಗಷ್ಟೇ. ಹಾಗಾಗಿ ಅವನು ತಿಂಗಳು ತಿಂಗಳೂ ಬಂದ. ಹದಿನೈದು ನಿಮಿಷ ಇರುತ್ತಿದ್ದ. ಸಹಿಗೆ ಬೇಕಾದದ್ದು ಒಂದೇ ನಿಮಿಷ. ಮೂರನೇ ತಿಂಗಳಿಗೆ ಅವಳು ಕೇಬಲ್ ಡಬ್ಬವನ್ನು ನೆಲಕ್ಕಿಳಿಸಿ ಕುರ್ಚಿ ಒರೆಸಿಟ್ಟಳು. ಯಾರಿಗಾಗಿ ಎಂದು ತನ್ನನ್ನು ತಾನೇ ಕೇಳಿಕೊಳ್ಳಲಿಲ್ಲ. ಮಿಕ್ಕ ದಿನಗಳಲ್ಲಿ ಅವಳ ಸಂಗಾತಿ ಎಂದರೆ ಮಧ್ಯಾಹ್ನ ಒಂದೂವರೆಗೆ ಬರುವ ಅಕ್ಕನ ಫೋನು ಮಾತ್ರ. ಅಕ್ಕನ ಪ್ರಶ್ನೆ ವರ್ಷಗಳಿಂದ ಬದಲಾಗಿರಲಿಲ್ಲ: "ಒಬ್ಬಳೇ ಊಟ ಮಾಡ್ತಿದ್ದೀಯಾ?"

"ಹೂಂ ಅಕ್ಕ," ಎನ್ನುವುದೂ ಬದಲಾಗಿರಲಿಲ್ಲ.

ಹೀಗಿರುವಾಗ ಒಂದು ಸೋಮವಾರ ಮೇಲಧಿಕಾರಿಯ ಆದೇಶ ಬಂತು. ಮುಂದಿನ ತಿಂಗಳಿಂದ ಫಾರಂ ಎಲ್ಲ ಆನ್‌ಲೈನ್. ಯಾರೂ ನೆಲಮಾಳಿಗೆಗೆ ಇಳಿಯಬೇಕಿಲ್ಲ. ಅಷ್ಟರೊಳಗೆ ಬಳಕೆಯಲ್ಲಿಲ್ಲದ ಬಾಗಿಲುಗಳನ್ನೆಲ್ಲ ಮುಚ್ಚಬೇಕು.

ಅವಳು ಪಟ್ಟಿ ತೆರೆದಳು. ನೂರಾ ನಾಲ್ಕರ ಮುಂದೆ ಕಣ್ಣು ನಿಂತಿತು. ಮೂರು ತಿಂಗಳಿಂದ ಆ ಬಾಗಿಲಲ್ಲಿ ಒಂದೇ ಒಂದು ಚಿತ್ರವೂ ದಾಟಿರಲಿಲ್ಲ. ಸೊನ್ನೆ. ಆದರೂ ಈ ಮೂರು ತಿಂಗಳೂ ಅವನು ಬಂದು ಸಹಿ ಹಾಕಿಸಿಕೊಂಡು ಹೋಗಿದ್ದ.

ಅನುಮಾನವಿದ್ದರೆ ಅವಳ ಕಸುಬಿನವರು ಮಾಡುವುದು ಒಂದೇ: ಮುಚ್ಚಿಬಿಟ್ಟು, ಯಾರು ಕೂಗಾಡುತ್ತಾರೆ ನೋಡುವುದು. ಬೇಕಾದವರು ಹತ್ತು ನಿಮಿಷದೊಳಗೆ ಫೋನ್ ಮಾಡಿ ಬೈಯುತ್ತಾರೆ. ಅವಳು ಮುಚ್ಚಿದಳು. ಬೈಗುಳಕ್ಕಾಗಿ ಇಷ್ಟು ಆಸೆಯಿಂದ ಅವಳು ಎಂದೂ ಕಾದಿರಲಿಲ್ಲ.

ಸೋಮವಾರ ಫೋನ್ ಬರಲಿಲ್ಲ. ಮಂಗಳವಾರ ರಿಸೀವರ್ ಎತ್ತಿ, ಫೋನು ಸರಿಯಿದೆಯೇ ಎಂದು ನೋಡಿದಳು. ಸರಿಯಾಗಿಯೇ ಇತ್ತು. ಬುಧವಾರ ಅವಳಿಗೆ ಅಳು ಬಂತು. ಪಟ್ಟಿಯಲ್ಲಿದೆ, ನವೀಕರಿಸಿ ಬಾ ಎಂದು ಯಾರೋ ಹೇಳಿರುತ್ತಾರೆ, ಅಭ್ಯಾಸಬಲದಿಂದ ಬಂದಿರುತ್ತಾನೆ, ಅದಕ್ಕೆ ನಾನು ಕುರ್ಚಿ ಒರೆಸಿ ಕಾದೆನಲ್ಲ ಎಂದು ನಾಚಿಕೆಯಾಯಿತು. ಡಬ್ಬವನ್ನು ಎತ್ತಿ ಮತ್ತೆ ಕುರ್ಚಿಯ ಮೇಲಿಟ್ಟಳು.

ಶುಕ್ರವಾರ, ಕಾಗದದ ಫಾರಮ್ಮಿನ ಕೊನೆಯ ದಿನ, ಊಟದ ಹೊತ್ತಿಗೆ ಅವನು ಬಂದ. ಡಬ್ಬ ನೋಡಿ ಒಂದು ಕ್ಷಣ ತಡವರಿಸಿ, ನಿಂತೇ ಫಾರಂ ಮುಂದಿಟ್ಟ. ಟಿಕ್ ಈಗ ಒಂದೇ ಇತ್ತು, ನೀಟಾಗಿ.

"ಅದನ್ನ ಸೋಮವಾರಾನೇ ಮುಚ್ಚಿದೆ," ಎಂದಳು.

"ಯಾವುದನ್ನ?"

"ನೂರಾ ನಾಲ್ಕನ್ನ. ಐದು ದಿನ ಆಯ್ತು. ನಿಮಗೆ ಗೊತ್ತೇ ಆಗಿಲ್ಲ."

ಅವನ ಕಿವಿ ಕೆಂಪಾಯಿತು, ಈ ಸಲ ನಗದೆಯೇ.

"ಆ ಮಷೀನು ಹೋಗಿ ಮೂರು ತಿಂಗಳಾಯ್ತು. ಹೊಸದು ಬೇರೆ ನಂಬರಲ್ಲಿ ಕಳಿಸುತ್ತೆ. ಅದರ ಅನುಮತಿ ಮಷೀನಿನ ಕಂಪನಿಯವರೇ ನಿಮ್ಮ ಮೇಲಧಿಕಾರಿ ಹತ್ತಿರ ತಗೊಂಡ್ರು."

"ಹಾಗಾದ್ರೆ ಇಲ್ಲಿ ಕಾರಣ ಅಂತ ಬರೆದಿರೋದು ಸುಳ್ಳು."

"ಸುಳ್ಳೇ. ನಿಜ ಬರೆಯೋಕೆ ಅಲ್ಲಿ ಜಾಗ ಸಾಲ್ತಿರಲಿಲ್ಲ."

"ನಿಜ ಏನು?"

ಅವನು ಸರ್ವರ್‌ಗಳ ಹಸಿರು ದೀಪಗಳನ್ನೇ ನೋಡುತ್ತ ಹೇಳಿದ. "ದಿನಕ್ಕೆ ಅರವತ್ತು ಜನ ನನ್ನ ಹತ್ತಿರ ಬರ್ತಾರೆ. ಉಸಿರು ಹಿಡೀರಿ, ಉಸಿರು ಬಿಡಿ. ಇಷ್ಟೇ ನಾನು ಆಡೋ ಮಾತು. ಮನೆಗೆ ಹೋದ್ರೆ ಅದೂ ಇಲ್ಲ. ತಿಂಗಳಿಗೊಂದು ಸಲ ಇಲ್ಲಿ ಕೂತು ಹೋದಾಗ ಮಾತ್ರ ನಾನು ಉಸಿರು ಬಿಟ್ಟಂಗಾಗ್ತಿತ್ತು."



"ಇನ್ನು ಫಾರಂ ಇಲ್ಲದೆ ಬರಬಹುದಾ?" ಎಂದ.

ಅವಳು ಫಾರಮ್ಮಿನ ಮೇಲಿನ ಆ ಒಂದೇ ಟಿಕ್ಕನ್ನು ನೋಡುತ್ತ ಕೂತಳು.

"ಉತ್ತರ ಬರದಿದ್ರೆ ಮತ್ತೆ ಕಳಿಸಬೇಕು ಅಂತ ನೀವೇ ಹೇಳಿಕೊಟ್ಟಿದ್ದು," ಎಂದ ಅವನು ಮೆಲ್ಲಗೆ. "ಬರಬಹುದಾ?"

ಅವಳು ಮೊಹರು ತೆಗೆದು ಫಾರಮ್ಮಿನ ಮೇಲೆ ಒತ್ತಿದಳು. ತಿರಸ್ಕೃತ, ಕೆಂಪು ಅಕ್ಷರದಲ್ಲಿ. ಅವನ ಮುಖ ಸಣ್ಣದಾಯಿತು.

"ಬಳಸದೇ ಇರೋ ಬಾಗಿಲನ್ನ ನಾನು ತೆರೆಯೋ ಹಾಗಿಲ್ಲ," ಎಂದಳು. "ಅದು ನಿಯಮ. ನೀವು ಬನ್ನಿ. ಆದ್ರೆ ತಿಂಗಳಿಗೊಂದು ಸಲ ಬಂದ್ರೆ ನನಗೆ ಸಾಲಲ್ಲ."

ಅವಳು ಕೇಬಲ್ ಡಬ್ಬವನ್ನು ಎತ್ತಿಕೊಂಡಳು. ಅವನು ಸಹಾಯಕ್ಕೆ ಬಂದರೂ ಬಿಡದೆ, ಈ ಸಲ ಅದನ್ನು ಕೋಣೆಯಿಂದಾಚೆಗೇ ಸಾಗಿಸಿ ಇಟ್ಟು ಬಂದಳು. ಅವನು ಕುರ್ಚಿಯಲ್ಲಿ ಕೂತ. ಅವಳು ಬುತ್ತಿಯ ಮುಚ್ಚಳ ತೆಗೆದು, ಅರ್ಧವನ್ನು ಆ ಮುಚ್ಚಳಕ್ಕೇ ಬಡಿಸಿ ಅವನ ಕಡೆ ಸರಿಸಿದಳು.

ಒಂದೂವರೆಗೆ ಫೋನು ರಿಂಗಾಯಿತು.

"ಒಬ್ಬಳೇ ಊಟ ಮಾಡ್ತಿದ್ದೀಯಾ?" ಎಂದಳು ಅಕ್ಕ.

"ಇಲ್ಲ ಅಕ್ಕ," ಎಂದಳು ಅವಳು.