ಕಾಲು ಏಳುವ ಮುನ್ನ

ನಿರಂಜನ ಬೆಟಗೇರಿ ಕುರ್ಚಿಯ ತುದಿಗೆ ಕೂತು, ತೊಡೆಯ ಮೇಲೆ ಗಿಟಾರ್ ಇಟ್ಟುಕೊಂಡು ಒಂದೇ ಒಂದು ತಂತಿ ಮೀಟಿದ. ಅವನ ಬಲಗಾಲು ನೆಲಕ್ಕೆ ಹಾಸಿದ್ದ ತೆಳುವಾದ ರಬ್ಬರ್ ಚಾಪೆಯ ಮೇಲಿತ್ತು. ಮೀನಖಂಡಕ್ಕೆ ನಾಲ್ಕು ಬೆರಳಗಲದ ಬಟ್ಟೆಪಟ್ಟಿ ಸುತ್ತಿತ್ತು. ಧ್ವನಿ ಬದಲಾಗಲಿ ಅಂದುಕೊಂಡ. ಕಾಲಿನ ಹೆಬ್ಬೆರಳು ಇನ್ನೂ ಅಲುಗಿರಲಿಲ್ಲ. ಅಷ್ಟರಲ್ಲಿ ತಂತಿಯ ತೆಳು ನಾದ ದಪ್ಪಗಾಗಿ, ಬಾವಿಯೊಳಗಿಂದ ಎದ್ದು ಬಂದಂತೆ ಕೋಣೆಯನ್ನು ತುಂಬಿತು.

"ನಾ ಕಾಲು ಎತ್ತಲೇ ಇಲ್ಲಲ್ರಿ," ಎಂದ.

"ಎತ್ತೂದು ಬೇಕಾಗಿಲ್ಲ," ಎಂದರು ಡಾ. ಹೇಮಲತಾ ತೊರಗಲ್. "ಎತ್ತಬೇಕಂತ ನಿಮ್ಮ ಸ್ನಾಯು ತಯಾರಾಗ್ತದಲ್ಲ, ಇದಕ್ಕ ಅಷ್ಟು ಸಾಕು."

ತೊರಗಲ್ ಅವರು ನರವಿಜ್ಞಾನಿ. ಕಾಲಿನ ಬಲ ಕಳೆದುಕೊಂಡವರಿಗಾಗಿ, ಕಾಲಿಗೆ ಕಟ್ಟಿಕೊಂಡು ನಡೆಯುವ ಚೌಕಟ್ಟೊಂದನ್ನು ರೂಪಿಸುವುದು ಧಾರವಾಡದ ಅವರ ಪುಟ್ಟ ಪ್ರಯೋಗಾಲಯದ ಹನ್ನೆರಡು ವರ್ಷಗಳ ಕೆಲಸ. ನಾವು ಹೆಜ್ಜೆ ಎತ್ತಿಡುವ ಮುನ್ನ, ಒಂದು ಸೆಕೆಂಡಿನ ಐದನೇ ಒಂದು ಭಾಗದಷ್ಟು ಮೊದಲೇ, ಸ್ನಾಯುಗಳಲ್ಲಿ ಸಣ್ಣ ವಿದ್ಯುತ್ ಸಂಚಾರ ಶುರುವಾಗುತ್ತದೆ. ಬಟ್ಟೆಪಟ್ಟಿಯೊಳಗಿನ ತಂತುಗಳು ಅದನ್ನು ಓದುತ್ತವೆ; ಚಾಪೆಯು ಪಾದದ ಭಾರ ಎತ್ತ ಸರಿಯಿತೆಂದು ನೋಡುತ್ತದೆ. ಎರಡನ್ನೂ ಕೂಡಿಸಿದರೆ ಕಾಲು ಏನು ಮಾಡಲಿದೆ ಎಂಬುದು, ಅದು ಮಾಡುವ ಮೊದಲೇ ತಿಳಿಯುತ್ತದೆ. ಚೌಕಟ್ಟಿಗೆ ಅನುಮತಿ ಸಿಗುವ ಮುಂಚೆ ಕಾಲನ್ನು ಬಹಳ ಸೂಕ್ಷ್ಮವಾಗಿ ಬಳಸುವವರ ಮೇಲೆ ಇದನ್ನು ಒರೆಗೆ ಹಚ್ಚಬೇಕಿತ್ತು. ಹಾಗೆ ಹುಟ್ಟಿದ್ದು ಗಿಟಾರ್ ವಾದಕರ ಈ ಸಾಧನ. ಪ್ರಯೋಗಾಲಯದ ಹುಡುಗಿಯರು ಅದಕ್ಕೆ 'ಮುಂಗಾಲು' ಎಂದು ಹೆಸರಿಟ್ಟಿದ್ದರು.

ಎರಡು ಸಾವಿರದ ಅರವತ್ತೊಂದನೇ ಇಸವಿಯಲ್ಲೂ ಗಿಟಾರಿನವರ ಕಷ್ಟ ಹಳೆಯದೇ ಆಗಿತ್ತು. ತಂತಿಯ ನಾದ ಒಂದು ಡಿಜಿಟಲ್ ಪೆಟ್ಟಿಗೆಯೊಳಕ್ಕೆ ಹೋಗಿ ಅಲ್ಲಿ ಪ್ರತಿಧ್ವನಿ, ಗಡಸು, ಏರಿಳಿತ ಪಡೆದು ಹೊರಬರುತ್ತದೆ. ಯಾವಾಗ ಏನು ಬೇಕೆಂದು ಪೆಟ್ಟಿಗೆಗೆ ಹೇಳಲು ಕೈಗೆ ಬಿಡುವಿರುವುದಿಲ್ಲ. ಆದ್ದರಿಂದ ಕಾಲೇ ಹೇಳಬೇಕು. ನಿರಂಜನನ ತಂಡ ಇಪ್ಪತ್ತು ವರ್ಷ ಬಳಸಿದ್ದ, ಕಾಲಿನಿಂದ ತುಳಿಯುವ ಪೆಡಲ್ ಬೋರ್ಡಿನ ಬಿಡಿಭಾಗಗಳು ಈಗ ಸಿಗುತ್ತಿರಲಿಲ್ಲ. ಹೊಸದನ್ನು ಆರಿಸಲು ಅವನು ತಮ್ಮ ಅಭಯನನ್ನು ಕರೆದುಕೊಂಡು ಬಂದಿದ್ದ. ಹೋಲಿಸಿ ನೋಡಲೆಂದು ತೊರಗಲ್ ಅವರು ನೆಲದ ಮೇಲೆ ಮೂರು ಸಾಧನಗಳನ್ನು ಇರಿಸಿದ್ದರು. ಒಂದು, ಎಂಟು ಗುಂಡಿಗಳ ಗಟ್ಟಿ ಕಬ್ಬಿಣದ ಬೋರ್ಡು, ಇನ್ನೊಂದು, ಕಾಲ್ಬೆರಳು ತಾಗಿಸಿದರೂ ಸಾಕೆನ್ನುವ ಗಾಜಿನ ಹಲಗೆ, ಮೂರನೆಯದು ಮುಂಗಾಲು.

ತಂಡದ ಎರಡೂ ಗಿಟಾರುಗಳು ಒಂದೇ ಪೆಟ್ಟಿಗೆಗೆ ಹೋಗುತ್ತಿದ್ದವು. ಕಾಲಿನ ಕೆಲಸ ಪೂರ್ತಿ ನಿರಂಜನನದು. ಅಭಯ ಒಬ್ಬನೇ ನುಡಿಸುವ ಸರದಿ ಬಂದಾಗ ಅವನ ಧ್ವನಿಯನ್ನು ಮೇಲೆತ್ತುವುದು, ಮುಗಿದಾಗ ಇಳಿಸುವುದು ಅಣ್ಣನ ಕಾಲೇ. ಅಭಯನಿಗೆ ಅದರ ಗೊಡವೆಯಿಲ್ಲ. ಕಣ್ಣು ಮುಚ್ಚಿಕೊಂಡು ನುಡಿಸುತ್ತಿದ್ದ. ಕಾರ್ಯಕ್ರಮ ಮುಗಿದ ಮೇಲೆ ಜನ ನಿರಂಜನನ ಹತ್ತಿರ ಬಂದು, "ನಿಮ್ಮ ಕಾಲು ಭಾಳ ಚುರುಕು ಬಿಡ್ರಿ," ಎನ್ನುತ್ತಿದ್ದರು. ಆಮೇಲೆ ಅಭಯನ ಹತ್ತಿರ ಹೋಗಿ ಏನೂ ಹೇಳಲಾಗದೆ ಅವನ ಕೈ ಹಿಡಿದುಕೊಂಡು ನಿಲ್ಲುತ್ತಿದ್ದರು. ಈ ಎರಡರ ಅಂತರ ನಿರಂಜನನಿಗೆ ಗೊತ್ತಿತ್ತು.

ಇಬ್ಬರ ನಡುವೆ ಹನ್ನೊಂದು ವರ್ಷ. ಎಂಟು ವರ್ಷದ ಅಭಯನ ಬೆರಳುಗಳನ್ನು ಒಂದೊಂದಾಗಿ ತಂತಿಯ ಮೇಲೆ ಕೂರಿಸಿದವನೇ ನಿರಂಜನ. ಹತ್ತೊಂಬತ್ತಕ್ಕೆ ಅದೇ ಅಭಯ ಮೊದಲ ಸಲ ವೇದಿಕೆಯ ಮೇಲೆ, ನಿರಂಜನ ವರ್ಷಗಟ್ಟಲೆ ಹುಡುಕಿಯೂ ಸಿಗದಿದ್ದ ತಿರುವೊಂದನ್ನು, ಮನೆ ಅಂಗಳದಲ್ಲಿ ಬಿದ್ದಿದ್ದನ್ನು ಎತ್ತಿಕೊಂಡವನಂತೆ ನುಡಿಸಿಬಿಟ್ಟಿದ್ದ. ಅವತ್ತು ನಿರಂಜನನ ಎದೆಯಲ್ಲಿ ಏನೋ ಚುಚ್ಚಿತು. ಅದು ಹೆಮ್ಮೆಯೇ ಇರಬೇಕು ಎಂದು ತನಗೆ ತಾನೇ ಹೇಳಿಕೊಂಡ. ಹದಿನೆಂಟು ವರ್ಷ ಹಾಗೇ ಹೇಳಿಕೊಳ್ಳುತ್ತ ಬಂದಿದ್ದ.

"ಅಣ್ಣಾ, ಕಬ್ಬಿಣದ್ದನ್ನ ತಗೋ," ಎಂದ ಅಭಯ. "ನಿನ್ನ ಕಾಲಿಗೆ ರೂಢಿ ಅದ. ಮುಂದಿನ ತಿಂಗಳೇ ಹುಬ್ಬಳ್ಳಿ ಕಾರ್ಯಕ್ರಮ."

ನಿರಂಜನನ ಮನಸ್ಸಿನಲ್ಲಿದ್ದುದೂ ಅದೇ. ಆದರೆ ತೊರಗಲ್ ಅವರು ಕುತೂಹಲಕ್ಕೆಂದು ಪಟ್ಟಿಯನ್ನು ಅಭಯನ ಕಾಲಿಗೂ ಕಟ್ಟಿದರು. ಅವನು ಹತ್ತು ನಿಮಿಷ ನುಡಿಸಿದ. ಪರದೆಯ ಮೇಲಿನ ಗೆರೆ ನೋಡುತ್ತ ಅವರು, "ಎಷ್ಟು ಶಾಂತ ಕಾಲ್ರಿ ಇದು. ಒಂದು ಬೇಡಾದ ಅಲುಗಾಟ ಇಲ್ಲ. ಇಂಥಾದ್ದು ನಾ ನೋಡಿರಲಿಲ್ಲ," ಎಂದರು.

ಕೈ ಅವನದಾಯಿತು, ಈಗ ಕಾಲೂ ಅವನದೇ ಆಗಬೇಕೇ ಎಂದುಕೊಂಡ ನಿರಂಜನ.

"ನಮಗ ಮುಂಗಾಲೇ ಇರಲಿ," ಎಂದ. "ಕಾಲಿನ ಕೆಲಸ ಮಾತ್ರ ನಂದೇ."

ಅಭಯ ಅಣ್ಣನ ಮುಖ ನೋಡಿ, ಕಾಲಿನ ಪಟ್ಟಿ ಬಿಚ್ಚಿಕೊಟ್ಟ.

ಮೊದಲ ವಾರದ ತಾಲೀಮು ಚೆನ್ನಾಗಿಯೇ ನಡೆಯಿತು. ಮುಂಗಾಲು ಕಲಿಯುವ ಯಂತ್ರ. ಮೊದಮೊದಲು ತೀರಾ ಸ್ಪಷ್ಟವಾದ ಸಂಕೇತಕ್ಕಷ್ಟೇ ಓಗೊಡುತ್ತದೆ. ದಿನ ಕಳೆದಂತೆ ಆ ಕಾಲಿನ ಸ್ವಭಾವ ಅರಿತು ಸಣ್ಣ ಸುಳಿವಿಗೂ ಎಚ್ಚರಗೊಳ್ಳುತ್ತದೆ. ಮೂರನೇ ವಾರ ಎರಡು ಸಲ ಅಭಯನ ಧ್ವನಿ ನಡುವೆ ಚೂರು ಕುಗ್ಗಿತು. ವೈರು ಸಡಿಲವಿರಬೇಕೆಂದು ಬದಲಿಸಿದರು.

ಹುಬ್ಬಳ್ಳಿಯ ಹೊಸ ಸಭಾಂಗಣ ಭಾನುವಾರ ಸಂಜೆ ತುಂಬಿತ್ತು. ಪುಣೆಯಿಂದ ಸಂಗೀತೋತ್ಸವದ ಆಯೋಜಕಿಯೊಬ್ಬರು ಅಭಯನನ್ನು ಕೇಳಲೆಂದೇ ಬಂದಿದ್ದರು. ಎಂಟು ಊರುಗಳ ಸರಣಿಗೆ ಒಬ್ಬ ವಾದಕ ಬೇಕಾಗಿದ್ದ. ಐದನೇ ಹಾಡಿನಲ್ಲಿ ಅಭಯನ ಸರದಿ. ನಿರಂಜನ ಅವನ ಧ್ವನಿಯನ್ನು ಮೇಲೆತ್ತಿದ.

ಅಭಯ ತಾಲೀಮಿನಲ್ಲಿ ನುಡಿಸಿದ್ದನ್ನು ಬಿಟ್ಟು ಬೇರೇನೋ ಹಿಡಿದ. ಟಕಟಕ ಟಕಟಕ ಎಂದು ಸಾಗಿ, ಒಂದು ಕ್ಷಣ ನಿಂತು, ಹಿಂದಕ್ಕೆ ಅರ್ಧ ಸುತ್ತು ಹೋಗಿ ಮತ್ತೆ ಮುಂದಕ್ಕೆ. ನಿರಂಜನನಿಗೆ ಎರಡೇ ಆವರ್ತನೆಯಲ್ಲಿ ಗುರುತು ಸಿಕ್ಕಿತು. ಅವ್ವನ ಹೊಲಿಗೆ ಯಂತ್ರ. ಅವಳು ತುಳಿಯುತ್ತಿದ್ದ ರೀತಿಯೇ ಹಾಗೆ; ಮೂಲೆ ತಿರುಗಿಸುವಾಗ ಕಾಲು ತಡೆದು, ಗಾಲಿಯನ್ನು ಕೈಯಿಂದ ಹಿಂದಕ್ಕೆಳೆದು, ಮತ್ತೆ ತುಳಿಯುತ್ತಿದ್ದಳು. ಅಭಯನಿಗಿಂತ ಹನ್ನೊಂದು ವರ್ಷ ಹೆಚ್ಚಾಗಿ ಆ ಸದ್ದನ್ನು ಕೇಳಿದವನು ನಿರಂಜನ. ಅದರ ಕೆಳಗೇ ಮಲಗಿ ಬೆಳೆದವನು. ಅದರೊಳಗೊಂದು ರಾಗವಿದೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

ಇದು ನನ್ನದಾಗಬೇಕಿತ್ತು ಅನ್ನಿಸಿತು ಅವನಿಗೆ. ಅನ್ನಿಸಿದ್ದು ಅಷ್ಟೇ. ಕಾಲು ನೆಲದಲ್ಲೇ ಇತ್ತು.

ಅಭಯನ ಧ್ವನಿ ಇಳಿದುಹೋಯಿತು. ಬೆರಳುಗಳು ಓಡುತ್ತಿದ್ದವು, ನಾದವಿರಲಿಲ್ಲ. ನಿರಂಜನ ಗಾಬರಿಯಿಂದ ಮೇಲೆತ್ತಲು ಹೋದ. ಎತ್ತಬೇಕೆಂಬ ಮನಸ್ಸೂ ಅದರ ಬೆನ್ನಿಗೇ ಇಳಿಸುವ ಮನಸ್ಸೂ ಒಂದನ್ನೊಂದು ಅಟ್ಟಿಸಿಕೊಂಡು ಬಂದವು. ಧ್ವನಿ ಮೂರು ಸಲ ಎದ್ದು ಮೂರು ಸಲ ಬಿತ್ತು. ಅಭಯ ಕಣ್ಣು ತೆರೆದು, ತಂತಿಗಳ ಮೇಲೆ ಅಂಗೈ ಇಟ್ಟು ನುಡಿಸುವುದನ್ನು ನಿಲ್ಲಿಸಿದ. ವಿರಾಮದಲ್ಲಿ ಆಯೋಜಕಿ, "ಮುಂದಿನ ವರ್ಷ ನೋಡೋಣ," ಎಂದು ಸೌಜನ್ಯದಿಂದಲೇ ಹೇಳಿ ಹೊರಟರು.

ಯಂತ್ರ ಕೈಕೊಟ್ಟಿತು ಎಂದು ಎಲ್ಲರೂ ಅಂದರು. ಎರಡು ದಿನದಲ್ಲಿ ಸುದ್ದಿ ಹಬ್ಬಿತು. ನಡೆಯುವ ಚೌಕಟ್ಟನ್ನು ಪರಿಶೀಲಿಸುತ್ತಿದ್ದ ಸಮಿತಿ, ಇಂಥ ತಂತ್ರವನ್ನು ರೋಗಿಗಳ ಕಾಲಿಗೆ ಕಟ್ಟುವುದು ಹೇಗೆಂದು ತೊರಗಲ್ ಅವರಿಂದ ವಾರದೊಳಗೆ ವಿವರಣೆ ಕೇಳಿತು.

ಶುಕ್ರವಾರ ಮಧ್ಯಾಹ್ನ ಅವರು ನಿರಂಜನನನ್ನು ಕರೆಸಿದರು. ಮುಂಗಾಲು ತಾನು ಓದಿದ್ದನ್ನೆಲ್ಲ ದಾಖಲಿಸಿಟ್ಟುಕೊಳ್ಳುತ್ತದೆ. ಪರದೆಯ ಮೇಲೆ ಕೆಂಪು ಗೆರೆಗಳಿದ್ದವು.

"ಇವು ನಿಮ್ಮ ಕಾಲು ತಯಾರಾದ ಕ್ಷಣಗಳು," ಎಂದರು. "ತಾಲೀಮಿನಾಗ ಅರವತ್ತಮೂರು ಸಲ, ತಮ್ಮನ ಧ್ವನಿ ಇಳಸಲಿಕ್ಕೆ ಕಾಲು ತಯಾರಾಗೇದ. ಒಮ್ಮೆನೂ ನೀವು ತುಳದಿಲ್ಲ. ಎಲ್ಲಾವೂ ಅವರೊಬ್ಬರೇ ನುಡಸೂ ಹೊತ್ತಿನಾಗ."

ನಿರಂಜನ ಗೆರೆಗಳ ಹತ್ತಿರಕ್ಕೆ ಬಾಗಿದ. "ಯಂತ್ರ ತಪ್ಪು ಓದಿರಬಹುದಲ್ರಿ?"

"ತಪ್ಪು ಓದಿಲ್ಲ. ತಪ್ಪು ನಂದು. ಕಾಲು ತಯಾರಾತು ಅಂದ್ರ ಮನಶ್ಯಾ ಒಪ್ಪಿದ ಅಂತ ನಾ ತಿಳಕೊಂಡಿದ್ದೆ." ಅವರು ಕೆಂಪು ಗೆರೆಗಳ ಬೆನ್ನಿಗೆ ಅಂಟಿಕೊಂಡಿದ್ದ ಸಣ್ಣ ನೀಲಿ ಏರಿಕೆಗಳನ್ನು ತೋರಿಸಿದರು. "ಇವನ್ನ ನಾವು ಕಸ ಅಂತ ಸೋಸಿ ಒಗೀತಿದ್ವಿ. ಇವು ಕಸ ಅಲ್ಲ. ನೀವು ಕಾಲು ತಡದದ್ದು ಇದು. ಅರವತ್ತಮೂರಕ್ಕೂ ಇದ್ದಾವ. ಹುಬ್ಬಳ್ಳ್ಯಾಗೂ ಇತ್ತು, ಆದ್ರ ಅಷ್ಟೊತ್ತಿಗೆ ಸಣ್ಣ ಸುಳಿವೂ ಕಲತಿದ್ದ ನನ್ನ ಯಂತ್ರ, ಅದು ಬರೂದ್ರಾಗ ಕೆಲಸಾ ಮುಗಿಸಿಬಿಟ್ಟಿತ್ತು."

ಅವರು ಪರದೆ ಆರಿಸಿ ಅವನ ಕಡೆಗೆ ತಿರುಗಿದರು.

"ಸಮಿತಿಗೆ ಇದನ್ನ ತೋರಿಸಿದ್ರ ಚೌಕಟ್ಟು ಉಳೀತದ. ಆದ್ರ ಇದು ನಿಮ್ಮ ಮೈಯ ದಾಖಲೆ. ನೀವು ಬ್ಯಾಡ ಅಂದ್ರ ನಾ ತೋರಸೂದಿಲ್ಲ."

ನಿರಂಜನ ಎದ್ದು ಹೊರಗೆ ವರಾಂಡಕ್ಕೆ ಬಂದ. ಬೇಡ ಎಂದರೆ ಎಲ್ಲವೂ ಯಂತ್ರದ ತಲೆಗೆ ಹೋಗುತ್ತದೆ. ತಮ್ಮ ಎಂದಿನಂತೆ ಅಣ್ಣಾ ಎನ್ನುತ್ತಾನೆ. ಅಲ್ಲಿ ಮಧ್ಯವಯಸ್ಸಿನ ಹೆಂಗಸೊಬ್ಬಳು ಎರಡು ಕಂಬಿಗಳ ನಡುವೆ ಚೌಕಟ್ಟು ಕಟ್ಟಿಕೊಂಡು ನಿಂತಿದ್ದಳು. ಅವಳ ಕಾಲು ನಡುಗಿ, ತಡೆದು, ಒಂದು ಗೇಣು ಮುಂದಕ್ಕೆ ಹೋಯಿತು. ಅವಳು ಯಾರ ಕಡೆಗೂ ನೋಡದೆ ಇನ್ನೊಂದು ಕಾಲಿನ ಯೋಚನೆಗೆ ಬಿದ್ದಳು. ನಿರಂಜನ ಅದನ್ನು ನೋಡುತ್ತ ನಿಂತಿದ್ದು, ಒಳಗೆ ವಾಪಸ್ ಬಂದು, "ತೋರಸ್ರಿ," ಎಂದ. "ಆದ್ರ ಮೊದಲ ನಾ ಒಬ್ಬರಿಗೆ ಹೇಳಬೇಕು."

ಅಭಯ ಮನೆಯಲ್ಲಿ ಗಿಟಾರಿಗೆ ಹೊಸ ತಂತಿ ಹಾಕುತ್ತಿದ್ದ. ನಿರಂಜನ ಬಾಗಿಲ ಬಳಿಯೇ ನಿಂತು ಹೇಳಿದ. ಬಳಸಿ ಹೇಳಲು ಹೋಗಿ ಎರಡು ಸಲ ತಡವರಿಸಿ, ಮೂರನೇ ಸಲ ನೇರ ಹೇಳಿದ. "ಯಂತ್ರ ಕೆಟ್ಟಿರಲಿಲ್ಲ. ನಿನ್ನ ಧ್ವನಿ ಇಳಸಿದ್ದು ನಾನು. ನನಗ ನಿನ್ನ ಮ್ಯಾಲ ಹೊಟ್ಟಿಕಿಚ್ಚು."

ಅಭಯನ ಕೈ ಬಿರಡೆಯ ಮೇಲೆ ನಿಂತಿತು. "ಎಷ್ಟು ದಿನದಿಂದ?"

"ನೀನು ಹತ್ತೊಂಬತ್ತರಾಗಿದ್ದಾಗಿಂದ."

"ಹದಿನೆಂಟು ವರ್ಷ." ಅವನು ತಂತಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತ. "ಹಳೇ ಬೋರ್ಡಿನ ಮ್ಯಾಲ ಒಮ್ಮೆನೂ ತುಳೀಲಿಲ್ಲ?"

"ಇಲ್ಲ."

"ತುಳೀಲಿಲ್ಲ ಅನ್ನೂದು ದೊಡ್ಡದು ಅಂತ ಮುಂದ ಯಾವಾಗಾದ್ರೂ ಅನಸಬಹುದು, ಅಣ್ಣಾ. ಇವತ್ತ ಅನಸೂದಿಲ್ಲ. ಈಗ ನೀ ಹೋಗು."

ನಿರಂಜನ ಹೋದ. ನಾಲ್ಕು ತಿಂಗಳು ತಂಡ ಎಲ್ಲಿಯೂ ನುಡಿಸಲಿಲ್ಲ. ಸಮಿತಿ ದಾಖಲೆ ನೋಡಿ ಚೌಕಟ್ಟಿಗೆ ಒಂದು ಷರತ್ತಿನ ಮೇಲೆ ಅನುಮತಿ ಕೊಟ್ಟಿತು. ಸಂಕೇತ ಬಂದ ಮೇಲೆ ಯಂತ್ರ ಒಂದು ಚಿಟಿಕೆಯಷ್ಟು ಹೊತ್ತು ಕಾಯಬೇಕು. ತಡೆಯುವ ನೀಲಿ ಸಂಕೇತ ಹಿಂಬಾಲಿಸಿದರೆ ಸುಮ್ಮನಿರಬೇಕು. ತೊರಗಲ್ ಅವರು ಅದನ್ನು 'ಬಿಡುವು' ಎಂದು ಕರೆದರು. ಗಿಟಾರಿನವರ ಮುಂಗಾಲಿನಲ್ಲಿ ಬಿಡುವನ್ನು ಹೆಚ್ಚುಕಡಿಮೆ ಮಾಡುವ ತಿರುಪನ್ನೂ ಇಟ್ಟರು. ನಿಧಾನವಾಯಿತೆಂದು ವಾದಕರು ಗೊಣಗಿದರು. ಆದರೆ ವರ್ಷದ ಕೊನೆಗೆ ಲೆಕ್ಕ ಹಾಕಿದಾಗ, ಅದನ್ನು ಸೊನ್ನೆಗೆ ತಿರುಗಿಸಿಕೊಂಡವರು ಒಬ್ಬರೂ ಇರಲಿಲ್ಲ.

ಐದನೇ ತಿಂಗಳು ಅಭಯ ಫೋನ್ ಮಾಡಿದ. "ನನ್ನ ಧ್ವನಿ ನನ್ನ ಕಾಲಾಗ ಇರಬೇಕು," ಎಂದ. ನಿರಂಜನ ಒಪ್ಪಿದ. ಇಬ್ಬರೂ ಮತ್ತೆ ನುಡಿಸತೊಡಗಿದರು, ಮಾತು ಮೊದಲಿನಷ್ಟಿರಲಿಲ್ಲ. ತಮ್ಮ ಕಣ್ಣು ಮುಚ್ಚಿ ತೇಲಿಹೋದಾಗ ನಿರಂಜನನ ಎದೆಯಲ್ಲಿ ಈಗಲೂ ಅದೇ ಮುಳ್ಳು ಏಳುತ್ತಿತ್ತು. ಈಗ ಅವನು ಅದನ್ನು ಹೆಮ್ಮೆ ಎಂದು ಕರೆಯುತ್ತಿರಲಿಲ್ಲ. ಅದು ಏಳುವುದನ್ನೂ ತಾನು ತಡೆಯುವುದನ್ನೂ ನೋಡುತ್ತ ಜೊತೆಗೆ ನುಡಿಸುತ್ತಿದ್ದ.

ಬಿಡುವು ಗಿಟಾರಿಗೂ ಚೌಕಟ್ಟಿಗೂ ನಿಲ್ಲಲಿಲ್ಲ. ಮನಸ್ಸಿನಲ್ಲಿ ಮೂಡಿದ ಮಾತನ್ನು ಗಂಟಲು ಅಲುಗುವ ಮೊದಲೇ ಬರೆದು ಕಳಿಸುವ ಯಂತ್ರಗಳು ಆಗ ಬಂದಿದ್ದವು. ಅವುಗಳಿಗೂ ಬಿಡುವು ಕಡ್ಡಾಯವಾಯಿತು. ಆಮೇಲೆ ವಾಹನಗಳಿಗೆ. ತೊರಗಲ್ ಅವರು ನಿವೃತ್ತರಾಗುವ ವರ್ಷ ಕಾಲೇಜೊಂದರಲ್ಲಿ ಇದರ ಬಗ್ಗೆ ಉಪನ್ಯಾಸ ಕೊಟ್ಟರು. ನಿರಂಜನ ಹಿಂದಿನ ಸಾಲಿನಲ್ಲಿ ಕೂತಿದ್ದ. ಕೊನೆಗೆ ವಿದ್ಯಾರ್ಥಿನಿಯೊಬ್ಬಳು ಎದ್ದು ಕೇಳಿದಳು: "ಮೇಡಂ, ಹಿಂದಿನವರಿಗೆ ಬಿಡುವು ಕೊಡೋ ಯಂತ್ರ ಇರಲಿಲ್ಲಲ್ರಿ. ಅವರು ಹೆಂಗ ತಡಕೊಂತಿದ್ರು?"

"ಭಾಳ ಹಿಂದಿನವರಿಗೆ ಯಂತ್ರದ ಗರಜೇ ಇರಲಿಲ್ಲ," ಎಂದರು ತೊರಗಲ್. "ಸಿಟ್ಟಿಗೆದ್ದು ಒಂದು ಪತ್ರ ಬರದ್ರ ಅಂಚೆ ಡಬ್ಬಿತನಕ ನಡೀಬೇಕಿತ್ತು. ಆ ದಾರಿಯೊಳಗ ಎಷ್ಟೋ ಪತ್ರ ಹರದು ಹೋಗ್ತಿದ್ವು. ಆಮ್ಯಾಲ ನಮ್ಮ ಅಪ್ಪ ಅವ್ವನ ಕಾಲ ಬಂತು. ಫೋನಿನ ಮ್ಯಾಲ ಹೆಬ್ಬೆರಳು ಒತ್ತಿದ್ರ ಸಾಕು, ಮಾತು ಹೊಂಟು ಹೋಗ್ತಿತ್ತು. ದಾರಿ ಇರಲಿಲ್ಲ, ಡಬ್ಬಿ ಇರಲಿಲ್ಲ, ಇನ್ನೂ ಈ ಬಿಡುವೂ ಬಂದಿರಲಿಲ್ಲ." ಅವರು ಸ್ವಲ್ಪ ಯೋಚಿಸಿದರು. "ನಿನ್ನ ಪ್ರಶ್ನೆ ಅವರನ್ನ ಕೇಳಬೇಕವ್ವಾ. ಅವರು ಹೆಂಗ ತಡಕೊಂತಿದ್ರೋ, ನನಗ ಖರೇನ ಗೊತ್ತಿಲ್ಲ."