ದುರ್ಗದ ಚೆಲುವೆ ಕರೆತಂದ ಕುರಿ

ವೇದ ಸುಳ್ಳಾದರೂ ಗಾದೆ ಸುಳ್ಳಾಗದು, ಗಾದೆ ಸುಳ್ಳಾದರೂ ಈ ಕಥೆ ಸುಳ್ಳಾಗದು. ಇದರಲ್ಲಿ ಬರುವ ಕುರಿಯ ಮೇಲಾಣೆ.

ಎಪ್ಪತ್ತನಾಲ್ಕನೇ ಇಸವಿ. ದುರ್ಗದ ಕಾಲೇಜೊಂದರ ವಾರ್ಷಿಕೋತ್ಸವಕ್ಕೆ ಮೊದಲ ಸಲ ‘ದುರ್ಗದ ಚೆಲುವೆ’ ಸ್ಪರ್ಧೆ ಇಟ್ಟಿದ್ದರು. ತಂತಮ್ಮ ಊರಿನ ಉಡುಗೆಯಲ್ಲಿ ವೇದಿಕೆಯ ಮೇಲೆ ನಡೆದು, ಊರಿನ ಬಗ್ಗೆ ನಾಲ್ಕು ಮಾತಾಡಬೇಕು. ಎರಡು ದಿನ ಮುಂಚೆ ಸ್ಪರ್ಧಿಗಳ ಹೆಸರನ್ನು ಮೈಕಿನಲ್ಲಿ ಕೂಗಿದಾಗ, ಮಾರಿಕಣಿವೆ ಕಡೆಯ ಹಟ್ಟಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಜುಂಜಮ್ಮನ ಹೆಸರೂ ಬಂತು. ಅವಳು ಹೆಸರೇ ಕೊಟ್ಟಿರಲಿಲ್ಲ.

“ಇದು ಆ ಚಿತ್ರಲಿಂಗಪ್ಪಂದೇ ಕೆಲ್ಸ ಕಣೆ,” ಎಂದಳು ರೂಮಿನ ಗೆಳತಿ ಮಲ್ಲಕ್ಕನಿಗೆ.

ಅನುಮಾನಕ್ಕೆ ಕಾರಣವಿತ್ತು. ಫೈನಲ್ ಇಯರಿನ ಚಿತ್ರಲಿಂಗಪ್ಪ ಪ್ರಿನ್ಸಿಪಾಲರ ಕೆಮ್ಮಿನಿಂದ ಹಿಡಿದು ಹಿರಿಯೂರು ಬಸ್ಸಿನ ಹಾರನ್ನಿನವರೆಗೆ ಎಲ್ಲವನ್ನೂ ಅಣಕಿಸಬಲ್ಲವನು. ಅವಳು ಕುರಿ ಸಾಕುವವರ ಮಗಳೆಂದು ತಿಳಿದ ದಿನ, ಕಾರಿಡಾರಿನಲ್ಲಿ ಎಳೆಮರಿಯ ಹಾಗೆ ‘ಬ್ಯಾ…’ ಎಂದಿದ್ದ. ಎಲ್ಲರೂ ನಕ್ಕಿದ್ದರು. ಅಂದಿನಿಂದ ಅವನು ಕಣ್ಣು ಹಾಯಿಸಿದರೆ ಇವಳು ಕಣ್ಣು ಕಿರಿದು ಮಾಡುತ್ತಿದ್ದಳು. ತೊಂದರೆಯೆಂದರೆ, ಅವನು ಕಣ್ಣು ಹಾಯಿಸದ ದಿನ ಯಾಕೆ ಹಾಯಿಸಲಿಲ್ಲವೆಂದೂ ಅವಳಿಗೆ ಅನುಮಾನ.

ಲೈಬ್ರರಿಯ ಮೆಟ್ಟಿಲಲ್ಲಿ ಅಡ್ಡಗಟ್ಟಿದಳು. “ನನ್ನ ಹೆಸ್ರು ಕೊಟ್ಟಿದ್ದು ನೀವೇನ್ರಿ?”

“ನಾನೇ.”

“ಯಾಕೆ?”

“ಕಣ್ತುಂಬ ನೋಡಿದ್ರೂ ನೀವು ಬೈಯದಂಥ ಜಾಗ ಅದೊಂದೇ ಐತೆ.”

ಅವನು ನಗಲಿಲ್ಲ. ನಗದಿದ್ದುದೇ ಇನ್ನೊಂದು ಅನುಮಾನ. ಸಾಲದ್ದಕ್ಕೆ ಅವನ ಅಂಗಿಯ ತೋಳಿಗೆ ಕುರಿಯ ತುಪ್ಪಟದ ಕೂದಲು ಅಂಟಿತ್ತು. ತಮ್ಮ ಪೈಕಿಯವನೇ ಆದರೂ ಪೇಟೆಯಲ್ಲಿ ಬೆಳೆದ ಗುಮಾಸ್ತರ ಮಗನಿಗೆ ತುಪ್ಪಟವೆಲ್ಲಿಯದು?

“ಭಾನುವಾರ ಎಲ್ಲಿಗ್ ಹೋಗಿದ್ರಿ?”

“ಟ್ಯೂಷನ್ನಿಗೆ,” ಎಂದವನೇ ಜಾರಿಕೊಂಡ.

ರೂಮಿಗೆ ಬಂದವಳೇ ಮಲ್ಲಕ್ಕನಿಗೆ ಹೇಳಿದಳು, “ಸ್ಟೇಜ್ ಹತ್ತಿದ ಕೂಡ್ಲೆ ಮತ್ತೆ ಬ್ಯಾ ಅಂತಾನೆ. ನಮ್ಮ ಹಟ್ಟಿ ಮರ್ಯಾದಿ ಎಲ್ಲರ ಮುಂದೆ ಹೋಗ್ತೈತೆ. ಅನ್ಲಿ, ಅವನಿಗೊಂದು ಮದ್ದು ಐತೆ.”

ಅವಳ ಅಣ್ಣ ಯತ್ತಪ್ಪ ಆಗ ದುರ್ಗದಾಚೆಯ ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸಿದ್ದ. ಈಚೆಗೆ ಮರಿ ಹಾಕಿದ ಕುರಿಯೊಂದನ್ನು, ಮರಿಯನ್ನು ಅಲ್ಲೇ ಬಿಟ್ಟು, ಹಿಡಿದು ತಾ ಎಂದು ಹೇಳಿ ಕಳಿಸಿದಳು. ಮರಿಯಿಂದ ಅಗಲಿಸಿದ ತಾಯಿಕುರಿ ಯಾವ ಮರಿ ಕೂಗಿದರೂ ಓಡುತ್ತದೆ. ಮೂಸಿ ನೋಡಿ ತನ್ನದಲ್ಲವೆಂದು ತಿಳಿದರೆ ಗುದ್ದುತ್ತದೆ. ಹಟ್ಟಿಯ ಕೂಸಿಗೂ ಗೊತ್ತಿರುವ ಈ ಸಂಗತಿ ಪೇಟೆಯ ಅಣಕುಗಾರನಿಗೆ ಗೊತ್ತಿರಲಾರದು.

ಸ್ಪರ್ಧೆಯ ಸಂಜೆ ಕೆಂಪು ಸೀರೆಯುಟ್ಟು, ಅವ್ವನ ಬೆಳ್ಳಿಕಡಗ ತೊಟ್ಟು, ಹೆಗಲಿಗೆ ಕರಿಕಂಬಳಿ ಹಾಕಿ, ಕುರಿಯ ಹಗ್ಗ ಹಿಡಿದು ಜುಂಜಮ್ಮ ವೇದಿಕೆಗೆ ಬಂದಳು. ಅವಳ ಕಿವಿಯೆಲ್ಲ ಪರದೆ ಎಳೆಯಲು ನಿಂತವನ ಕಡೆಗೇ. ಪರದೆಯ ಹಿಂದೆ ಚಿತ್ರಲಿಂಗಪ್ಪ ಉಸಿರೆತ್ತಲಿಲ್ಲ.

ಅರಚಿದವರು ಹಿಂದಿನ ಬೆಂಚಿನ ಹುಡುಗರು. ಅದು ಮರಿಯ ದನಿಯೂ ಅಲ್ಲ, ಟಗರಿನದೂ ಅಲ್ಲ. ಕುರಿ ಬೆದರಿ ಹಗ್ಗ ಕಿತ್ತುಕೊಂಡು ವೇದಿಕೆಯ ತುಂಬ ಓಡಾಡಿತು. ಸಭೆ ಬಿದ್ದುಬಿದ್ದು ನಕ್ಕಿತು. ಜುಂಜಮ್ಮ ಕಲಿತಿದ್ದ ನಾಲ್ಕು ಮಾತೂ ಕುರಿಯ ಹಿಂದೆಯೇ ಓಡಿಹೋದವು.

“ತ್ರಿರ್ರ್… ಹೋಯ್… ಬಾ, ಬಾವ್ವಾ…”

ಅವಳ ಅಪ್ಪನ ಕೂಗು. ಕೊನೆಯಲ್ಲಿ ದನಿ ಒಡೆಯುವ ಆ ಎಳೆತವೂ ಅಪ್ಪನದೇ. ಕುರಿ ನಿಂತಿತು, ಕಿವಿ ನಿಮಿರಿಸಿತು, ಪರದೆಯ ಕಡೆಗೆ ಮೆಲ್ಲಗೆ ನಡೆಯಿತು. ಅಲ್ಲಿ ಚಿತ್ರಲಿಂಗಪ್ಪ ಕಿವಿಗೆ ಕೈ ಇಟ್ಟು, ಕಣ್ಣು ಮುಚ್ಚಿ ಕೂಗುತ್ತಿದ್ದ.

ಜುಂಜಮ್ಮ ಮೈಕಿಗೆ ಬಾಯಿಟ್ಟಳು. “ಇದು ನಮ್ಮಪ್ಪ ಜುಂಜಯ್ಯ ಕುರಿ ಕರಿಯಾ ಕೂಗು. ಕುರಿ, ನಾನು ಇಬ್ರೂ ಇದನ್ನ ಕೇಳೇ ಬೆಳ್ದೀವಿ.” ಸಭೆಯ ನಗು ನಿಂತಿತು. ಆಮೇಲೆ ಚಪ್ಪಾಳೆ.

ಮೊದಲ ಬಹುಮಾನ ಹೊಸದುರ್ಗದ ಹುಡುಗಿಗೆ ಹೋಯಿತು. ಎರಡನೆಯದು, ಸ್ಟೀಲ್ ತಟ್ಟೆ, ಜುಂಜಮ್ಮನಿಗೆ. ತಟ್ಟೆಯೊಂದಿಗೆ, ಕುರಿಯೊಂದಿಗೆ ಅವನನ್ನು ಬೇವಿನ ಮರದಡಿ ಹಿಡಿದಳು. ಮಲ್ಲಕ್ಕ, ಯತ್ತಪ್ಪ ಸ್ವಲ್ಪ ದೂರದಲ್ಲಿ ನಿಂತಿದ್ದರು.

“ಟ್ಯೂಷನ್ ಯಾರತ್ರ?”

“ನಿಮ್ಮಪ್ಪರತ್ರ. ಮೂರು ಭಾನುವಾರ ಹಟ್ಟಿಗೆ ಹೋಗಿದ್ದೆ. ಅವತ್ತು ಬ್ಯಾ ಅಂದಿದ್ದು ತಪ್ಪಾತು ಅಂತ ನಿಮಗೆ ಹೇಳಿದ್ರೆ ನಂಬ್ತಿರಲಿಲ್ಲ.”

“ಈಗ್ಲೂ ನಂಬಿಲ್ಲ. ಅಪ್ಪ ಏನಂದ?”

“ನಿಮ್ಮನ್ನ ಕೊಡ್ತೀರಾ ಅಂತ ಕೇಳ್ದೆ. ನಮ್ಮ ಪೈಕಿ ಹುಡುಗನಾದ್ರೇನು, ಕುರಿ ಕರಿಯಾಕೆ ಬರದೋನಿಗೆ ಮಗಳನ್ನ ಕೊಡಲ್ಲ ಅಂದ್ರು.” ತಲೆ ತಗ್ಗಿಸಿದ. “ಇವತ್ತು ಕುರಿ ಬಂತು. ಮಗಳು ಬರ್ತಾಳೋ ಇಲ್ವೋ, ಅವಳನ್ನೇ ಕೇಳು ಅಂದಿದ್ರು.”

ಜುಂಜಮ್ಮ ಅವನ ಮುಖವನ್ನೆಲ್ಲ ಹುಡುಕಿದಳು. ಅಣಕದ ಗುರುತು ಎಲ್ಲೂ ಸಿಗಲಿಲ್ಲ.

“ಬರ್ತಾಳೆ,” ಎಂದು ಹಗ್ಗದ ತುದಿಯನ್ನು ಅವನ ಕೈಗಿಟ್ಟಳು. “ಆದ್ರೆ ಒಂದು ಹೇಳಾದೈತೆ. ಈ ಕುರಿ ತಂದಿದ್ದು ನಿಮ್ಮನ್ನ ಗುದ್ಸಾಕೆ.” ಮದ್ದಿನ ಗುಟ್ಟನ್ನೆಲ್ಲ ಬಿಚ್ಚಿಟ್ಟಳು.

“ಈ ಬಡಪಾಯಿ ಗುದ್ದತೈತಾ? ನನಗ್ಯಾಕೋ ಅನುಮಾನ,” ಎಂದು ಚಿತ್ರಲಿಂಗಪ್ಪ ಮಂಡಿಯೂರಿ ಕುಳಿತು, ಅಪ್ಪಟ ಎಳೆಮರಿಯ ದನಿಯಲ್ಲಿ “ಬ್ಯಾ…” ಎಂದ.

ಕುರಿ ಓಡಿಬಂತು. ಮೂಸಿತು. ಎರಡು ಹೆಜ್ಜೆ ಹಿಂದೆ ಸರಿಯಿತು.

ಮಲ್ಲಕ್ಕ ನಕ್ಕಳು, ಯತ್ತಪ್ಪ ನಕ್ಕ, ಜುಂಜಮ್ಮ ತಟ್ಟೆಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ಮಾತ್ರ ಮಣ್ಣಿನಲ್ಲಿ ಅಂಗಾತ ಬಿದ್ದಿದ್ದ, ಹಗ್ಗ ಬಿಟ್ಟಿರಲಿಲ್ಲ.